ಕಾಡು ಆಲೂಗಡ್ಡೆಯ ಎಲೆ ಚೂರಿನಿಂದ ಗಿಡ ಎಬ್ಬಿಸುವುದು ಹೇಗೆ

ಹಾಸನದ ಕಡೆ ಮುಂಗಾರಿನಲ್ಲಿ ಆಲೂಗಡ್ಡೆ ಹಾಕುವವರಿಗೆ ಅಂಗಮಾರಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ನಾಲ್ಕು ದಿನ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ಸಾಕು, ಹಸಿರಾಗಿದ್ದ ಹೊಲ ಕಪ್ಪಾಗಿ ನಿಲ್ಲುತ್ತದೆ. 1845ರಲ್ಲಿ ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಔಷಧಿ ಹೊಡೆದು ಹೊಡೆದು ಸಾಕಾದ ಮೇಲೆ ಉಳಿಯುವ ದಾರಿ ಒಂದೇ, ತಳಿಯಲ್ಲೇ ರೋಗ ತಡೆಯುವ ಗುಣ ತರುವುದು. ಆ ಗುಣ ನಾವು ತಿನ್ನುವ ಆಲೂಗಡ್ಡೆಯಲ್ಲಿ ಕಡಿಮೆ, ಅದರ ಕಾಡು ನೆಂಟರಲ್ಲಿ ಬೇಕಾದಷ್ಟಿದೆ.

ಅಮೆರಿಕದ ನೈರುತ್ಯ ಭಾಗದಿಂದ ಹಿಡಿದು ಚಿಲಿ, ಅರ್ಜೆಂಟೀನಾವರೆಗೆ ನೂರಕ್ಕೂ ಹೆಚ್ಚು ಕಾಡು ಜಾತಿಗಳಿವೆ. ಈ ಲೇಖನಕ್ಕೆ ನಾನು ಹಿಡಿದುಕೊಂಡಿರುವುದು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಸೊಲಾನಮ್ ಬಲ್ಬೊಕ್ಯಾಸ್ಟನಮ್. ಇದರ ಎಲೆ ನೋಡಿದರೆ ಆಲೂಗಡ್ಡೆ ಅನ್ನಿಸುವುದೇ ಇಲ್ಲ, ಕಿರುಎಲೆಗಳಾಗಿ ಸೀಳದೆ ಒಂಟಿ ಎಲೆಯಾಗಿರುತ್ತದೆ. ಆದರೆ ಅಂಗಮಾರಿಗೆ ಜಗ್ಗದ ಗಿಡ. ಇದರಲ್ಲಿ ರೋಗ ತಡೆಯುವ ಆರ್‌ಬಿ ಅನ್ನುವ ಜೀನನ್ನು 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲೂ ನೆದರ್ಲೆಂಡಿನಲ್ಲೂ ಬೇರೆ ಬೇರೆಯಾಗಿ ಪ್ರತ್ಯೇಕಿಸಿದರು.

ನೇರ ಕ್ರಾಸ್ ಮಾಡಿದರೆ ಆಗಲ್ವಾ? ಆಗಲ್ಲ. ಊಟದ ಆಲೂಗಡ್ಡೆಯಲ್ಲಿ 48 ಕ್ರೋಮೋಸೋಮ್, ಇದರಲ್ಲಿ 24. ಅದಕ್ಕಿಂತ ದೊಡ್ಡ ತಕರಾರು ಬೀಜದೊಳಗಿನ ಆಹಾರದ ಪದರ, ಅಂದರೆ ಎಂಡೋಸ್ಪರ್ಮ್‌ನದು. ತಾಯಿ, ತಂದೆ ಎರಡೂ ಕಡೆಯ ಪಾಲಿನ ಲೆಕ್ಕ ಹೊಂದದೆ ಅದು ಬೆಳೆಯುವುದೇ ಇಲ್ಲ, ಬೀಜ ಜೊಳ್ಳಾಗುತ್ತದೆ. ಡಚ್ಚರು ಪಟ್ಟು ಬಿಡದೆ ನಡುವೆ ಬೇರೆ ಜಾತಿಗಳನ್ನು ಸೇತುವೆಯಾಗಿಟ್ಟು ಕ್ರಾಸ್ ಮಾಡುತ್ತಾ ಹೋದರು. 1959ರಲ್ಲಿ ಶುರುವಾದ ಆ ಕೆಲಸದಿಂದ ಬಯೊನಿಕಾ, ಟೊಲುಕಾ ಅನ್ನುವ ತಳಿಗಳು ಹೊರಬರಲು ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ತಾಳ್ಮೆ ಇಲ್ಲದವರಿಗೆ ಉಳಿಯುವುದು ಲ್ಯಾಬ್ ದಾರಿ. ಎರಡು ಜಾತಿಯ ಕೋಶಗಳ ಗೋಡೆ ಕರಗಿಸಿ ಒಂದುಗೂಡಿಸುವುದು, ಜೀನ್ ಸೇರಿಸುವುದು ಅಥವಾ ತಿದ್ದುವುದು, ಇಲ್ಲವೇ ಕ್ರೋಮೋಸೋಮ್ ಸಂಖ್ಯೆ ದುಪ್ಪಟ್ಟು ಮಾಡಿ ಕ್ರಾಸ್‌ಗೆ ಒಗ್ಗಿಸುವುದು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಸೊಲಾನಮ್ ಪಿನ್ನಾಟಿಸೆಕ್ಟಮ್ ಅನ್ನುವ ಇನ್ನೊಂದು ಮೆಕ್ಸಿಕನ್ ಜಾತಿಯನ್ನು ಹೀಗೇ ಕೋಶ ಸೇರಿಸಿ ಆಲೂಗಡ್ಡೆಯ ಜೊತೆ ಬೆಸೆದಿದ್ದಾರೆ.

ಈ ಯಾವ ದಾರಿ ಹಿಡಿದರೂ ಒಂದು ಹಂತ ದಾಟಲೇಬೇಕು. ಕತ್ತರಿಸಿದ ಎಲೆ ಅಥವಾ ಕಾಂಡದ ಕೋಶದಿಂದ ಪೂರ್ತಿ ಗಿಡ ಎದ್ದು ಬರಬೇಕು. ಬಾಟಲಿಯಲ್ಲಿ ಬಾಳೆ ಸಸಿ ಮಾಡುವ ಟಿಶ್ಯೂ ಕಲ್ಚರ್ ಲ್ಯಾಬ್‌ನಲ್ಲಿ ಕೈ ಪಳಗಿದವರೂ ಇಲ್ಲಿ ಎಡವುವುದುಂಟು, ಯಾಕೆಂದರೆ ಬಾಳೆಯಲ್ಲಿ ಇರುವ ಮೊಗ್ಗನ್ನೇ ಹೆಚ್ಚಿಸುತ್ತೀರಿ, ಇಲ್ಲಿ ಇಲ್ಲದ ಮೊಗ್ಗನ್ನು ಹುಟ್ಟಿಸಬೇಕು. ಎಲ್ಲರೂ ಮೀಡಿಯಾ (ಚೂರು ಬೆಳೆಯಲು ಕೊಡುವ ಪೋಷಕ ಆಹಾರ) ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ. ನನ್ನ ಪ್ರಕಾರ ಮೊದಲು ಬದಲಿಸಬೇಕಾದ್ದು ಮೀಡಿಯಾ ಅಲ್ಲ, ಗಿಡ.

ಬೀಜ ಎಲ್ಲಿಂದ

ಇಲ್ಲಿ ಬೀಜ ಅಂದರೆ ಬಿತ್ತನೆ ಗಡ್ಡೆ ಅಲ್ಲ, ಹೂ ಬಿಟ್ಟು ಕಾಯಾಗಿ ಬರುವ ಸಣ್ಣ ಬೀಜ. ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ, ವಿಸ್ಕಾನ್ಸಿನ್‌ನ ಸ್ಟರ್ಜನ್ ಬೇಯಲ್ಲಿರುವ ಅಮೆರಿಕದ ಆಲೂಗಡ್ಡೆ ಜೀನ್ ಬ್ಯಾಂಕ್, ಇವು ದೊಡ್ಡ ಸಂಗ್ರಹಗಳು. ಶಿಮ್ಲಾದಲ್ಲೂ ಕಾಡು ಜಾತಿಗಳಿವೆ, ಮೊದಲು ಅಲ್ಲೇ ವಿಚಾರಿಸಿ. ಹೊರದೇಶದಿಂದ ತರಿಸುವುದಾದರೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಮೂಲಕವೇ ಬರಬೇಕು. ಆಮದು ಪರವಾನಗಿ, ಕ್ವಾರಂಟೈನ್ ಎರಡೂ ಕಡ್ಡಾಯ. ಯಾರೋ ಪರಿಚಯದವರು ಲಕೋಟೆಯಲ್ಲಿ ಕಳಿಸುತ್ತಾರೆ ಅಂತ ಒಪ್ಪಿಕೊಳ್ಳಬೇಡಿ. ಆಲೂಗಡ್ಡೆಯ ಗಡ್ಡೆಯನ್ನು ಕದಿರಿನ ಹಾಗೆ ಸಣ್ಣದಾಗಿ ಉದ್ದಕ್ಕೆ ಎಳೆಯುವ ವೈರಾಯ್ಡ್ (ವೈರಸ್‌ಗಿಂತಲೂ ಸಣ್ಣ ರೋಗಕಾರಕ) ಒಂದಿದೆ, ಅದು ಬೀಜದಲ್ಲೇ ಕೂತು ಬರುತ್ತದೆ. ಬೀಜ ತೊಳೆದರೆ ಹೋಗುವಂಥದ್ದಲ್ಲ.

ಕಾಗದ ಪತ್ರದ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಬೀಜದಿಂದ ಬಾಟಲಿಗೆ

ಕಾಡು ಜಾತಿಯ ಬೀಜ ಸುಮ್ನೆ ನೀರು ಹಾಕಿದರೆ ಏಳುವುದಿಲ್ಲ, ನಿದ್ದೆ ಜಾಸ್ತಿ. ಲೀಟರಿಗೆ 1500ರಿಂದ 2000 ಮಿಲಿಗ್ರಾಂ ಜಿಬ್ಬರೆಲಿಕ್ ಆಸಿಡ್ (ನಿದ್ದೆ ಬಿಡಿಸುವ ಹಾರ್ಮೋನ್) ಇರುವ ನೀರಲ್ಲಿ 24 ಗಂಟೆ ನೆನೆಸಿ. ಆಮೇಲೆ ಚೆನ್ನಾಗಿ ತೊಳೆದು ಲ್ಯಾಮಿನಾರ್ (ಸೋಸಿದ ಗಾಳಿ ಬೀಸುವ ಪೆಟ್ಟಿಗೆ) ಒಳಗೆ ತೆಗೆದುಕೊಳ್ಳಿ. 70 ಶೇಕಡಾ ಆಲ್ಕೋಹಾಲ್‌ನಲ್ಲಿ ಅರ್ಧ ನಿಮಿಷ, ಸುಮಾರು 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಹತ್ತು ನಿಮಿಷ. ಅದಕ್ಕೊಂದು ಹನಿ ಟ್ವೀನ್ ಬಿಟ್ಟರೆ ದ್ರಾವಣ ಬೀಜಕ್ಕೆ ಚೆನ್ನಾಗಿ ಹತ್ತುತ್ತದೆ. ಕೊನೆಗೆ ಆಟೋಕ್ಲೇವ್ ಆದ (ಒತ್ತಡದ ಹಬೆಯಲ್ಲಿ ಶುದ್ಧಿ ಮಾಡಿದ) ನೀರಲ್ಲಿ ನಾಲ್ಕೈದು ಸಲ ತೊಳೆದು, ಅರ್ಧ ಶಕ್ತಿಯ ಎಂಎಸ್ (ಮುರಾಶಿಗೆ-ಸ್ಕೂಗ್, ವಿವರ ಮುಂದಿದೆ) ಮೀಡಿಯಾ ಮೇಲೆ ಇಡಿ.

ಮೊಳಕೆ ಎಲ್ಲಾ ಒಂದೇ ದಿನ ಬರುವುದಿಲ್ಲ. ಕೆಲವು ಒಂದು ವಾರಕ್ಕೆ, ಕೆಲವು ತಿಂಗಳಿಗೆ. ತಡವಾದದ್ದನ್ನು ಎಸೆಯಬೇಡಿ.

ಇನ್ನು ಮುಖ್ಯ ವಿಷಯ. ಈ ಜಾತಿಯ ಗಿಡ ಸಾಮಾನ್ಯವಾಗಿ ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ. ಅಂದರೆ ಒಂದೇ ಪೊಟ್ಟಣದ ಪ್ರತಿ ಬೀಜವೂ ಬೇರೆ ಬೇರೆ ಗಿಡ. ಒಂದೇ ತಾಯಿಯ ಮಕ್ಕಳು, ಸ್ವಭಾವ ಮಾತ್ರ ಒಬ್ಬೊಬ್ಬರದು ಒಂದೊಂದು. ಆದ್ದರಿಂದ ಎದ್ದ ಪ್ರತಿ ಸಸಿಗೂ ಒಂದು ನಂಬರ್ ಕೊಟ್ಟು ಬೇರೆ ಬಾಟಲಿಯಲ್ಲಿ ಬೆಳೆಸಿ. ಎಲ್ಲವನ್ನೂ 'ಬಲ್ಬೊ' ಅಂತ ಒಂದೇ ಲೇಬಲ್ ಹಚ್ಚಿ ಟ್ರೇಗೆ ಹಾಕಿದರೆ ಮುಂದಿನ ಎಲ್ಲಾ ಲೆಕ್ಕವೂ ಕೆಟ್ಟ ಹಾಗೆ.

ಸಸಿ ನಾಲ್ಕೈದು ಗೆಣ್ಣು ಬಿಟ್ಟ ಮೇಲೆ ಒಂದೊಂದು ಗೆಣ್ಣಿಗೂ ಎಲೆ ಉಳಿಸಿಕೊಂಡು ಕತ್ತರಿಸಿ, ಹಾರ್ಮೋನ್ ಇಲ್ಲದ ಎಂಎಸ್‌ಗೆ ನೆಡಿ. ಮೂರು ನಾಲ್ಕು ವಾರಕ್ಕೊಮ್ಮೆ ಸಬ್‌ಕಲ್ಚರ್, ಅಂದರೆ ಕತ್ತರಿಸಿ ಹೊಸ ಮೀಡಿಯಾಕ್ಕೆ ಹಾಕುವುದು. ಗ್ರೋತ್ ರೂಮ್ 20ರಿಂದ 22 ಡಿಗ್ರಿ ಇರಲಿ, ದಿನಕ್ಕೆ 16 ಗಂಟೆ ಬೆಳಕು. ಬಾಳೆಗೆ ಇಟ್ಟಿರುವ 25-26 ಡಿಗ್ರಿಯ ರೂಮಿನ ಮೂಲೆಯಲ್ಲಿ ಇದನ್ನೂ ಇಟ್ಟುಬಿಡೋಣ ಅನ್ನಿಸುವುದು ಸಹಜ. ಬದುಕುತ್ತದೆ, ಆದರೆ ಗಿಡ ಸೊರಗಿ ಉದ್ದವಾಗಿ, ಅದರ ಎಲೆ ಮುಂದಿನ ಕೆಲಸಕ್ಕೆ ಬರುವುದಿಲ್ಲ.

ಬಾಟಲಿ ಮುಚ್ಚಳದ ಬಗ್ಗೆ ಒಂದು ಮಾತು. ಆಲೂಗಡ್ಡೆ ಕುಲಕ್ಕೆ ಗಿಡವೇ ಬಿಡುವ ಎಥಿಲೀನ್ ಗಾಳಿ ಅಂದರೆ ಆಗುವುದಿಲ್ಲ. ಮುಚ್ಚಳ ಬಿಗಿ ಮಾಡಿ ಅದರ ಮೇಲೆ ಪ್ಯಾರಾಫಿಲ್ಮ್ ಸುತ್ತಿ ಇಟ್ಟರೆ ಎಲೆ ಸಾಸಿವೆ ಕಾಳಿನಷ್ಟಾಗಿ, ಕಾಂಡ ದಪ್ಪಗಾಗಿ ಬಳ್ಳಿ ತರಹ ಬಾಗುತ್ತದೆ. ಗಾಳಿಯಾಡುವ ಫಿಲ್ಟರ್ ಮುಚ್ಚಳ ಹಾಕಿ, ಇಲ್ಲವೇ ಹತ್ತಿಯ ಬಿರಡೆ ಸಾಕು. ಆಗಲೂ ಎಲೆ ಚಿಕ್ಕದಾಗೇ ಉಳಿದರೆ ಎಥಿಲೀನ್ ಕೆಲಸ ತಡೆಯುವ ಸಿಲ್ವರ್ ಥಯೋಸಲ್ಫೇಟ್ ಸ್ವಲ್ಪ ಸೇರಿಸಿ. ಅದನ್ನು ನೀವೇ ಮಾಡಿಕೊಳ್ಳಬಹುದು: ಒಂದು ಪಾಲು ಸಿಲ್ವರ್ ನೈಟ್ರೇಟ್‌ಗೆ ನಾಲ್ಕು ಪಾಲು ಸೋಡಿಯಂ ಥಯೋಸಲ್ಫೇಟ್, ಮೋಲಾರ್ ಲೆಕ್ಕದಲ್ಲಿ. ಸಿಲ್ವರ್ ನೈಟ್ರೇಟನ್ನು ಥಯೋಸಲ್ಫೇಟ್ ಒಳಗೆ ಹನಿಹನಿಯಾಗಿ ಕಲಕುತ್ತಾ ಬಿಡಬೇಕು, ಉಲ್ಟಾ ಮಾಡಿದರೆ ಕಪ್ಪಾಗಿ ಕೆಳಗೆ ಕೂರುತ್ತದೆ. ಬರೀ ಸಿಲ್ವರ್ ನೈಟ್ರೇಟ್ ಹಾಕುವವರೂ ಇದ್ದಾರೆ, ಆದರೆ ಎಂಎಸ್‌ನಲ್ಲಿ ಕ್ಲೋರೈಡ್ ಇರುವುದರಿಂದ ಒಂದಷ್ಟು ಬೆಳ್ಳಿ ಗಸಿಯಾಗಿ ದಂಡವಾಗಬಹುದು.

ಈ ಹಂತದಲ್ಲೇ ಬ್ಯಾಕ್ಟೀರಿಯಾ ಇರುವ ಗಿಡವನ್ನು ಹಿಡಿದು ಹೊರಗೆ ಹಾಕಿ. ಬಾಟಲಿಯನ್ನು ಕಿಟಕಿ ಬೆಳಕಿಗೆ ಅಡ್ಡ ಹಿಡಿದು ಕಾಂಡ ಅಗರ್‌ಗೆ (ಮೀಡಿಯಾ ಗಟ್ಟಿ ಮಾಡುವ ಜೆಲ್ಲಿ) ಇಳಿಯುವ ಜಾಗವನ್ನು ಕೆಳಗಿನಿಂದ ನೋಡಿ. ಬೇರಿನ ಸುತ್ತ ಹಾಲು ಚೆಲ್ಲಿದಂತೆ ತೆಳ್ಳಗೆ ಒಂದು ಮಬ್ಬು ಕಂಡರೆ ಅದು ಒಳಗೇ ಇದ್ದ ಬ್ಯಾಕ್ಟೀರಿಯಾ. ಗಿಡ ಮೇಲೆ ಆರೋಗ್ಯವಾಗೇ ಕಾಣುತ್ತಿರುತ್ತದೆ, ಅದೇ ಮೋಸ. ಕತ್ತರಿಸಿ ಹಾರ್ಮೋನ್ ಪ್ಲೇಟಿಗೆ ಹಾಕಿದ ವಾರದೊಳಗೆ ಇಡೀ ಪ್ಲೇಟು ಲೋಳೆ.

ಮೀಡಿಯಾ

ಬುನಾದಿ ಎಲ್ಲರಿಗೂ ಗೊತ್ತಿರುವುದೇ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿಗೆ ಅಂತ ಮಾಡಿದ ಎಂಎಸ್, ಲೀಟರಿಗೆ 30 ಗ್ರಾಂ ಸಕ್ಕರೆ, 7-8 ಗ್ರಾಂ ಅಗರ್, ಪಿಎಚ್ 5.8. ಆಟೋಕ್ಲೇವ್ 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ.

ಹಾರ್ಮೋನಿನಲ್ಲಿ ಎರಡು ದಾರಿ ಬಹಳ ಕಡೆ ಬಳಕೆಯಲ್ಲಿವೆ. ಕೆಳಗೆ ಬರುವ ಎನ್‌ಎಎ, ಬಿಎಪಿ, 2,4-ಡಿ ಮೊದಲಾದವೆಲ್ಲ ಗಿಡದ ಹಾರ್ಮೋನುಗಳೇ. ಎರಡೂ ಎರಡು ಹಂತದವು, ಮೊದಲು ಕ್ಯಾಲಸ್ (ಗಾಯದಲ್ಲಿ ಏಳುವ, ರೂಪವಿಲ್ಲದ ಕೋಶಗಳ ಗಂಟು), ಆಮೇಲೆ ಚಿಗುರು.

ಮೊದಲನೆಯ ದಾರಿಯಲ್ಲಿ ಲೀಟರಿಗೆ ಎನ್‌ಎಎ 5 ಮಿಲಿಗ್ರಾಂ, ಬಿಎಪಿ 0.1 ಮಿಲಿಗ್ರಾಂ ಇರುವ ಮೀಡಿಯಾದಲ್ಲಿ ಒಂದು ವಾರ ಇಡುತ್ತೀರಿ. ಆಮೇಲೆ ಝಿಯಾಟಿನ್ ರೈಬೋಸೈಡ್ 2.2, ಎನ್‌ಎಎ 0.02, ಜಿಬ್ಬರೆಲಿಕ್ ಆಸಿಡ್ 0.15 ಮಿಲಿಗ್ರಾಂ ಇರುವ ಮೀಡಿಯಾಕ್ಕೆ ವರ್ಗ. ಎರಡನೆಯದರಲ್ಲಿ ಶುರುವಿಗೆ 2,4-ಡಿ 2 ಮಿಲಿಗ್ರಾಂ, ಝಿಯಾಟಿನ್ ರೈಬೋಸೈಡ್ 0.8 ಮಿಲಿಗ್ರಾಂ. ಆಮೇಲೆ ಐಎಎ 0.5, ಝಿಯಾಟಿನ್ ರೈಬೋಸೈಡ್ 3 ಮಿಲಿಗ್ರಾಂ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಯಾವುದು ಕೂಡುತ್ತದೋ ಅದು.

2,4-ಡಿ ಇರುವ ಮೀಡಿಯಾದಲ್ಲಿ 'ಇನ್ನೊಂದು ವಾರ ಇರಲಿ' ಅಂತ ಬಿಡಬೇಡಿ. ಕ್ಯಾಲಸ್ ದೊಡ್ಡದಾಗಿ ಬೆಳೆದು ನೋಡಲು ಖುಷಿಯಾಗುತ್ತದೆ. ಆದರೆ ಆ ಉಬ್ಬಿದ ಕ್ಯಾಲಸ್ ಚಿಗುರೊಡೆಯುವುದು ಕಷ್ಟ, ಒಡೆದರೂ ಕ್ರೋಮೋಸೋಮ್ ಏರುಪೇರು ಜಾಸ್ತಿ.

ಝಿಯಾಟಿನ್ ರೈಬೋಸೈಡ್ ದುಬಾರಿ. ಅದರ ಬದಲು ಬಿಎಪಿ ಹಾಕಿ ದುಡ್ಡು ಉಳಿಸೋಣ ಅಂದುಕೊಳ್ಳುತ್ತಾರೆ. ಕೆಲವು ತಳಿಗಳಲ್ಲಿ ನಡೆಯುತ್ತದೆ, ಕಾಡು ಜಾತಿಗಳಲ್ಲಿ ನನಗೆ ನಂಬಿಕೆ ಇಲ್ಲ. ಮೀಡಿಯಾ ಕಡಿಮೆ ಮಾಡಿಕೊಳ್ಳಿ, ಪ್ಲೇಟಿಗೆ 20 ಮಿಲಿ ಸಾಕು, ಆದರೆ ಹಾರ್ಮೋನಿನಲ್ಲಿ ಜಿಪುಣತನ ಬೇಡ. ಝಿಯಾಟಿನ್ ರೈಬೋಸೈಡನ್ನೂ ಜಿಬ್ಬರೆಲಿಕ್ ಆಸಿಡನ್ನೂ ಐಎಎಯನ್ನೂ ಆಟೋಕ್ಲೇವ್‌ಗೆ ಹಾಕದೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಶೋಧಿಸಿ, ಮೀಡಿಯಾ 55 ಡಿಗ್ರಿಗೆ ಇಳಿದ ಮೇಲೆ ಸೇರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಬಾಟಲಿಯನ್ನು ಬರಿಗೈಲಿ ಹಿಡಿದು ನಿಲ್ಲುವಷ್ಟು ಆರಿರಬೇಕು.

ಕತ್ತರಿಸುವುದು

ಸಬ್‌ಕಲ್ಚರ್ ಮಾಡಿ ಮೂರರಿಂದ ನಾಲ್ಕು ವಾರ ಆದ ಗಿಡವನ್ನೇ ತೆಗೆದುಕೊಳ್ಳಿ. ಆರು ವಾರದ ಗಿಡದ ಎಲೆ ಹಳದಿ ತಿರುಗಲು ಶುರುವಾಗಿರುತ್ತದೆ, ಅದರಲ್ಲಿ ಕಸುವಿಲ್ಲ. ತುದಿಯಿಂದ ಎರಡನೆಯ, ಮೂರನೆಯ ಎಲೆ ಒಳ್ಳೆಯದು. ಗೆಣ್ಣುಗಳ ನಡುವಿನ ಕಾಂಡವೂ ಆಗುತ್ತದೆ, ಅರ್ಧದಿಂದ ಒಂದು ಸೆಂಟಿಮೀಟರ್ ತುಂಡು. ಗೆಣ್ಣು ಮಾತ್ರ ಅಪ್ಪಿತಪ್ಪಿಯೂ ಸೇರಬಾರದು. ಸೇರಿದರೆ ಅಲ್ಲಿ ಮೊದಲೇ ಇದ್ದ ಮೊಗ್ಗು ಚಿಗುರಿ, ನೀವು 'ಬಂತು ಬಂತು' ಅಂತ ಎಣಿಸಿಬಿಡುತ್ತೀರಿ.

ಪ್ಲೇಟಿನಲ್ಲಿ ಸ್ವಲ್ಪ ದ್ರವ ಎಂಎಸ್ ಹಾಕಿಕೊಂಡು ಅದರೊಳಗೇ ಕತ್ತರಿಸಿ. ಲ್ಯಾಮಿನಾರ್ ಗಾಳಿಗೆ ಈ ಎಲೆ ನೋಡನೋಡುತ್ತಿದ್ದ ಹಾಗೆ ಬಾಡುತ್ತದೆ. ಹೊಸ ಬ್ಲೇಡ್ ಬೇಕು. ಮೊಂಡು ಬ್ಲೇಡ್ ಕತ್ತರಿಸುವುದಿಲ್ಲ, ಜಜ್ಜುತ್ತದೆ, ಜಜ್ಜಿದ ಅಂಚು ಕಂದಾಗಿ ಸಾಯುತ್ತದೆ. ಎಲೆಯ ಬುಡ ಮತ್ತು ತುದಿ ಎರಡನ್ನೂ ತೆಗೆದು, ನಡುನರಕ್ಕೆ ಅಡ್ಡವಾಗಿ ಎರಡು ಮೂರು ಗೀರು ಹಾಕಿ, ಪೂರ್ತಿ ತುಂಡಾಗದ ಹಾಗೆ. ಕ್ಯಾಲಸ್ ಮೊದಲು ಏಳುವುದು ಆ ನರದ ಗಾಯದಲ್ಲೇ. ಎಲೆಯ ಬೆನ್ನು ಮೇಲೆ ಮಾಡಿಡುವುದೋ ಹೊಟ್ಟೆ ಮೇಲೆ ಮಾಡಿಡುವುದೋ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ವಾದ, ಒಂದು ಪ್ಲೇಟ್ ಹಾಗೆ ಒಂದು ಹೀಗೆ ಇಟ್ಟು ನೀವೇ ನೋಡಿ.

ಯಾವ ನಂಬರಿನ ಗಿಡ ಮಾತು ಕೇಳುತ್ತದೆ

ಹತ್ತು ಹದಿನೈದು ನಂಬರ್ ಗಿಡ ಇಟ್ಟುಕೊಳ್ಳಿ. ಒಂದೊಂದರಿಂದ ಮೂವತ್ತು ಚೂರು, ಎರಡು ದಾರಿಯ ಮೀಡಿಯಾಕ್ಕೂ ಹಂಚಿ. ಇಷ್ಟೇ. ದೊಡ್ಡ ಪ್ರಯೋಗ ಬೇಡ. ಎರಡು ತಿಂಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ: ಕೆಲವು ನಂಬರ್ ಬರೀ ಬಿಳಿ ಹಿಟ್ಟಿನಂಥ ಕ್ಯಾಲಸ್ ಕೊಟ್ಟು ನಿಲ್ಲುತ್ತವೆ, ಕೆಲವು ಕಂದಾಗುತ್ತವೆ, ಒಂದೆರಡು ಮಾತ್ರ ಯಾವ ಮೀಡಿಯಾಕ್ಕೆ ಹಾಕಿದರೂ ಚಿಗುರುತ್ತವೆ. ಆ ಒಂದೆರಡನ್ನು ಹಿಡಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಪ್ರಬಂಧಗಳಲ್ಲಿ ಒಳ್ಳೆ ಫಲಿತಾಂಶ ಓದಿ ಅದೇ ಮೀಡಿಯಾ ಮಾಡಿದರೂ ನಿಮಗೆ ಬರಲಿಲ್ಲ ಅಂದರೆ ಬಹಳ ಸಲ ಕಾರಣ ಇದೇ, ಅವರ ಗಿಡ ಬೇರೆ, ನಿಮ್ಮ ಗಿಡ ಬೇರೆ.

ಒಂದು ಎಚ್ಚರ ಇದೆ. ಚೆನ್ನಾಗಿ ಚಿಗುರುವ ನಂಬರಿನಲ್ಲಿ ರೋಗ ತಡೆಯುವ ಗುಣ ಇಲ್ಲದೆಯೂ ಇರಬಹುದು. ಅದಕ್ಕೇ ಈ ಪರೀಕ್ಷೆ ನಡೆಯುವಾಗಲೇ ಅದೇ ನಂಬರಿನ ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಕಿತ್ತ ಎಲೆಯ ಬೆನ್ನಿಗೆ ಅಂಗಮಾರಿ ಬೀಜಾಣುವಿನ ಹನಿ ಇಟ್ಟು, ತೇವದ ಡಬ್ಬದಲ್ಲಿ 15-18 ಡಿಗ್ರಿಯಲ್ಲಿ ಒಂದು ವಾರ ಗಮನಿಸಬೇಕು. ರೋಗಾಣು ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲದವರು ಅದಕ್ಕೆ ಸರಿಯಾದ ಸಂಸ್ಥೆಯ ಸಹಾಯ ಪಡೆಯಿರಿ, ಸುಮ್ನೆ ಹೊಲದಿಂದ ರೋಗದ ಎಲೆ ತಂದು ಟಿಶ್ಯೂ ಕಲ್ಚರ್ ಕಟ್ಟಡದೊಳಗೆ ಇಡಬೇಡಿ.

ಕಾಯುವ ವಾರಗಳು

ಚಿಗುರಿನ ಮೀಡಿಯಾಕ್ಕೆ ಬಂದ ಮೇಲೆ ಎರಡು ವಾರಕ್ಕೊಮ್ಮೆ ಹೊಸ ಪ್ಲೇಟಿಗೆ ಬದಲಿಸಿ. ಬೆಳಕು ಮೊದಲ ದಿನಗಳಲ್ಲಿ ಮಂದವಾಗಿರಲಿ, ಪ್ಲೇಟಿನ ಮೇಲೆ ಒಂದು ಹಾಳೆ ಮುಚ್ಚಿದರೂ ಸಾಕು. ಒಳ್ಳೆ ಕ್ಯಾಲಸ್ ಗಟ್ಟಿಯಾಗಿ, ಹಸಿರಾಗಿ, ಮೇಲ್ಮೈ ಗಂಟುಗಂಟಾಗಿರುತ್ತದೆ. ಕಡು ಹಸಿರಿನ ಚುಕ್ಕಿ ಕಾಣಿಸಿ, ಅದರಲ್ಲಿ ಸಣ್ಣ ರೋಮ ಎದ್ದರೆ ಚಿಗುರು ಬರುತ್ತಿದೆ ಅಂತ ಅರ್ಥ. ನಾಲ್ಕರಿಂದ ಎಂಟು ವಾರ ಹಿಡಿಯಬಹುದು. ನೀರು ನೀರಾಗಿ ಗಾಜಿನಂತಾದ ಚಿಗುರು ಬಂದರೆ ಅಗರ್ ಸ್ವಲ್ಪ ಏರಿಸಿ, ಗಾಳಿಯಾಡಲು ಬಿಡಿ.

ಚಿಗುರು ಒಂದು ಒಂದೂವರೆ ಸೆಂಟಿಮೀಟರ್ ಆದಾಗ ಕ್ಯಾಲಸ್ ಸ್ವಲ್ಪವೂ ಅಂಟದ ಹಾಗೆ ಮೇಲಕ್ಕೆ ಕತ್ತರಿಸಿ, ಹಾರ್ಮೋನ್ ಇಲ್ಲದ ಎಂಎಸ್‌ಗೆ ನೆಡಿ. ಒಂದೆರಡು ವಾರದಲ್ಲಿ ಬೇರು. ಜೀನ್ ಸೇರಿಸಿದ ಕೆಲಸವಾದರೆ ಒಂದು ಕ್ಯಾಲಸ್ ಗಂಟಿನಿಂದ ಒಂದೇ ಚಿಗುರು ತೆಗೆದುಕೊಳ್ಳಿ, ಪಕ್ಕಪಕ್ಕದಲ್ಲಿ ಎದ್ದ ಐದೂ ಒಂದೇ ಕೋಶದ ಸಂತಾನವಾಗಿರಬಹುದು.

ಕ್ರೋಮೋಸೋಮ್ ಲೆಕ್ಕ ನೋಡದೆ ಮುಂದೆ ಹೋಗಬೇಡಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. 24 ಕ್ರೋಮೋಸೋಮ್‌ನ ಕಾಡು ಗಿಡದ ಎಲೆಯಲ್ಲಿ ಕೆಲವು ಕೋಶಗಳು ತಾವಾಗೇ ದುಪ್ಪಟ್ಟಾಗಿರುತ್ತವೆ. ಅವುಗಳಿಂದ ಎದ್ದ ಗಿಡ 48ರದ್ದು. ಕ್ಯಾಲಸ್ ಹಂತ ಉದ್ದವಾದಷ್ಟೂ ಇಂಥವು ಹೆಚ್ಚು. ಕಣ್ಣಿಗೆ ಎಲೆ ತುಸು ದಪ್ಪ, ತುಸು ಅಗಲ ಅನ್ನಿಸಬಹುದು, ಬಾಟಲಿಯೊಳಗೆ ಅದನ್ನು ನಂಬುವಂತಿಲ್ಲ.

ಫ್ಲೋ ಸೈಟೋಮೀಟರ್ (ಕೋಶದ ಡಿಎನ್‌ಎ ಅಳೆಯುವ ಯಂತ್ರ) ಇದ್ದವರು ಒಂದೇ ದಿನದಲ್ಲಿ ನೋಡಿ ಮುಗಿಸುತ್ತಾರೆ. ಇಲ್ಲದವರಿಗೆ ಸಾಮಾನ್ಯ ಮೈಕ್ರೋಸ್ಕೋಪ್ ಸಾಕು. ಎಲೆಯ ಬೆನ್ನನ್ನು ಮೇಲೆ ಮಾಡಿ, ನರದ ಪಕ್ಕದಲ್ಲಿ ಫೋರ್ಸೆಪ್ಸ್ ಚುಚ್ಚಿ ತೆಳ್ಳನೆಯ ಸಿಪ್ಪೆ ಎಳೆಯಿರಿ. ಗಾಜಿನ ಮೇಲೆ ಹರಡಿ ಅಯೋಡಿನ್-ಪೊಟ್ಯಾಸಿಯಂ ಅಯೊಡೈಡ್ ಒಂದು ಹನಿ ಹಾಕಿ, 400 ಪಟ್ಟು ದೊಡ್ಡದು ಮಾಡಿ ನೋಡಿ. ಪತ್ರರಂಧ್ರದ ಎರಡೂ ಕಡೆ ಹುರುಳಿ ಆಕಾರದ ಎರಡು ಕೋಶ ಇರುತ್ತವಲ್ಲ, ಅದರೊಳಗಿನ ಹರಿದ್ರೇಣುಗಳು (ಕ್ಲೋರೋಪ್ಲಾಸ್ಟ್) ಕಪ್ಪು ಚುಕ್ಕಿಯಾಗಿ ಕಾಣುತ್ತವೆ. ಒಂದು ಕೋಶದಲ್ಲಿ ಆರರಿಂದ ಎಂಟು ಇದ್ದರೆ ಅದು 24ರ ಗಿಡ, ಹನ್ನೊಂದು ಹನ್ನೆರಡು ದಾಟಿದರೆ 48ರದ್ದು. ಕನಿಷ್ಠ ಹತ್ತು ಪತ್ರರಂಧ್ರ ಎಣಿಸಿ ಸರಾಸರಿ ತೆಗೆಯಿರಿ, ಪಕ್ಕದಲ್ಲಿ ಅದೇ ನಂಬರಿನ ತಾಯಿ ಗಿಡದ ಸಿಪ್ಪೆಯನ್ನೂ ಇಟ್ಟು ಹೋಲಿಸಿ.

48ರದ್ದು ಬಂತು ಅಂತ ಎಸೆಯಬೇಡಿ. ಚಳಿಗೆ ಜಗ್ಗದ ಸೊಲಾನಮ್ ಕಾಮರ್ಸೋನಿ ಅನ್ನುವ ದಕ್ಷಿಣ ಅಮೆರಿಕದ ಜಾತಿಯನ್ನು ಹೀಗೆ ದುಪ್ಪಟ್ಟು ಮಾಡಿದ ಮೇಲೆಯೇ, ಮೊದಲು ಕಾಯಿ ಕಚ್ಚದಿದ್ದ ಕ್ರಾಸ್‌ಗಳು ಸಾಧ್ಯವಾದವು. ಎಂಡೋಸ್ಪರ್ಮ್‌ನ ಲೆಕ್ಕವೂ ಜೊತೆಗೇ ದುಪ್ಪಟ್ಟಾಗುತ್ತದೆ, ಅದು ಕಾರಣ. ಹಾಗಾಗಿ 24ರದ್ದು ಒಂದು ಟ್ರೇ, 48ರದ್ದು ಒಂದು ಟ್ರೇ, ಬೇರೆ ಬೇರೆ ಲೇಬಲ್.

ಹೊರಗೆ ತಂದ ಮೇಲೆ

ಹಾರ್ಡನಿಂಗ್ (ಬಾಟಲಿಯ ಗಿಡವನ್ನು ಹೊರಗಿನ ಗಾಳಿಗೆ ಒಗ್ಗಿಸುವುದು) ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಾಳೆಗೆ ಮಾಡುವ ಹಾಗೇ ಕೋಕೋಪಿಟ್, ನೆರಳು, ತೇವ. ಅಗರ್ ಪೂರ್ತಿ ತೊಳೆಯಿರಿ, ಒಂದು ವಾರ ಪ್ಲಾಸ್ಟಿಕ್ ಕವರ್ ಮುಚ್ಚಿ ಸ್ವಲ್ಪ ಸ್ವಲ್ಪವೇ ತೆರೆಯಿರಿ. ಬೇಸಿಗೆಯಲ್ಲಿ ಬಯಲುಸೀಮೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಚಳಿಗಾಲ ನೋಡಿಕೊಂಡು ಮಾಡಿ.

ಗಡ್ಡೆ ಬಿಟ್ಟರೆ ಗೋಲಿಯಷ್ಟಿರುತ್ತದೆ. ಬೇಯಿಸಿ ರುಚಿ ನೋಡುವ ಆಸೆ ಬೇಡ. ಕಾಡು ಜಾತಿಗಳಲ್ಲಿ ಗ್ಲೈಕೋಆಲ್ಕಲಾಯ್ಡ್ ಅನ್ನುವ ಕಹಿ ವಿಷ ಜಾಸ್ತಿ, ಬೇಯಿಸಿದರೂ ಹೋಗುವುದಿಲ್ಲ. ಮಿಶ್ರತಳಿಗೂ ಇದು ಇಳಿದು ಬರುತ್ತದೆ. ಅಮೆರಿಕದಲ್ಲಿ 1967ರಲ್ಲಿ ಲೆನಾಪೆ ಅನ್ನುವ ತಳಿ ಬಿಡುಗಡೆಯಾಯಿತು, ಅದರ ವಂಶದಲ್ಲಿ ಸೊಲಾನಮ್ ಚಾಕೋಎನ್ಸೆ ಅನ್ನುವ ಕಾಡು ಜಾತಿ ಇತ್ತು. ಚಿಪ್ಸ್‌ಗೆ ಹೇಳಿ ಮಾಡಿಸಿದಂಥ ಗಡ್ಡೆ. ವಿಷದ ಪ್ರಮಾಣ ಹೆಚ್ಚಿದ್ದರಿಂದ 1970ರಲ್ಲಿ ವಾಪಸ್ ತೆಗೆದುಕೊಂಡರು. ನೂರು ಗ್ರಾಂ ಹಸಿ ಗಡ್ಡೆಯಲ್ಲಿ 20 ಮಿಲಿಗ್ರಾಂ ದಾಟಬಾರದು ಅನ್ನುವುದು ಈಗ ಬಹಳ ಕಡೆ ಪಾಲಿಸುವ ಮಿತಿ, ನಿಮ್ಮ ಮಿಶ್ರತಳಿಯ ಮೊದಲ ಗಡ್ಡೆಯಿಂದಲೇ ಪರೀಕ್ಷೆ ಮಾಡಿಸಿ. ಜೀನ್ ಸೇರಿಸಿದ ಗಿಡವಾದರೆ ಲ್ಯಾಬ್‌ನ ಒಳಗಿನ ಕೆಲಸಕ್ಕೇ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ಹೊಲಕ್ಕೆ ಇಳಿಸುವುದಂತೂ ಅದಕ್ಕಿಂತ ಮೇಲಿನ ಅನುಮತಿ ಬಂದ ಮೇಲೆ.

ಇಷ್ಟೆಲ್ಲಾ ಆಗುವಾಗ ಚೆನ್ನಾಗಿ ಚಿಗುರಿದ ಆ ಒಂದೆರಡು ನಂಬರಿನ ತಾಯಿ ಗಿಡಗಳನ್ನು ತಿಂಗಳು ತಿಂಗಳು ಸಬ್‌ಕಲ್ಚರ್ ಮಾಡುತ್ತಾ ಕೂರಬೇಡಿ. ಎಂಎಸ್‌ಗೆ ಲೀಟರಿಗೆ 40 ಗ್ರಾಂ ಸಕ್ಕರೆ, 20 ಗ್ರಾಂ ಮ್ಯಾನಿಟಾಲ್ ಹಾಕಿ, 6ರಿಂದ 8 ಡಿಗ್ರಿಯಲ್ಲಿ ಇಟ್ಟರೆ ಬೆಳವಣಿಗೆ ನಿಧಾನವಾಗಿ ವರ್ಷಕ್ಕೂ ಹೆಚ್ಚು ಕಾಲ ಮುಟ್ಟದೆ ಇಡಬಹುದು. ಎರಡು ಬೇರೆ ಫ್ರಿಜ್‌ನಲ್ಲಿ, ಬೇರೆ ಬೇರೆ ಕರೆಂಟ್ ಲೈನಿನಲ್ಲಿ ಇಡಿ, ನಂಬರನ್ನು ಮಾರ್ಕರ್‌ನಲ್ಲಿ ಅಲ್ಲ, ಪೆನ್ಸಿಲ್‌ನಲ್ಲಿ ಬರೆದು ಟೇಪ್ ಹಚ್ಚಿ. ಆಲ್ಕೋಹಾಲ್ ಒರೆಸಿದಾಗ ಮಾರ್ಕರ್ ಅಳಿಸಿಹೋಗುತ್ತದೆ.